ಪಾಠ ಮನೆಗೆ, ಅಭ್ಯಾಸ ತರಗತಿಗೆ: ಫ್ಲಿಪ್ ಪಾಠವೊಂದನ್ನು ಯೋಜಿಸುವ ಬಗೆ

ಪ್ರೌಢಶಾಲೆಯ ಒಂದು ಅವಧಿ ಹೆಚ್ಚೆಂದರೆ 40 ಅಥವಾ 45 ನಿಮಿಷ. ಹಾಜರಿ, ಹಿಂದಿನ ಪಾಠದ ನೆನಪು, ಹೊಸ ವಿಷಯದ ವಿವರಣೆ, ಕಪ್ಪುಹಲಗೆಯ ಮೇಲೆ ಒಂದು ಮಾದರಿ ಲೆಕ್ಕ, ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಹೊತ್ತು, ಇಷ್ಟು ಮುಗಿಯುವಷ್ಟರಲ್ಲಿ ಗಂಟೆ ಬಾರಿಸುತ್ತದೆ. "ಉಳಿದ ಲೆಕ್ಕಗಳನ್ನು ಮನೆಯಲ್ಲಿ ಮಾಡಿಕೊಂಡು ಬನ್ನಿ" ಎಂದು ಹೇಳಿ ನಾವು ಮುಂದಿನ ತರಗತಿಗೆ ಹೊರಡುತ್ತೇವೆ. ಹೀಗೆ ಕೇಳಿಸಿಕೊಳ್ಳುವ ಸುಲಭದ ಕೆಲಸ ಶಿಕ್ಷಕರ ಎದುರಿನಲ್ಲಿ ನಡೆಯುತ್ತದೆ. ಸ್ವತಃ ಯೋಚಿಸಿ ಬಿಡಿಸಬೇಕಾದ ಕಷ್ಟದ ಕೆಲಸವನ್ನು ಮಗು ಮನೆಯಲ್ಲಿ, ಕೇಳಲು ಯಾರೂ ಇಲ್ಲದ ಹೊತ್ತಿನಲ್ಲಿ, ಒಂಟಿಯಾಗಿ ಮಾಡಬೇಕಾಗುತ್ತದೆ. ಅಕ್ಷರ ಬಲ್ಲ ಹಿರಿಯರಿರುವ ಮನೆಯ ಮಗುವಿಗೂ ಅಂಥವರಿಲ್ಲದ ಮನೆಯ ಮಗುವಿಗೂ ನಡುವಿನ ಅಂತರ ಹೆಚ್ಚುವುದು ಇಲ್ಲಿಯೇ. ಈ ಎರಡು ಕೆಲಸಗಳ ಜಾಗವನ್ನು ಅದಲುಬದಲು ಮಾಡುವ ಕ್ರಮಕ್ಕೆ ಫ್ಲಿಪ್ಡ್ ಕ್ಲಾಸ್‌ರೂಮ್ ಎಂಬ ಹೆಸರು ಬಂದಿದೆ. ವಿಷಯದ ಮೊದಲ ಪರಿಚಯವನ್ನು ಮಗು ಮನೆಯಲ್ಲಿ ಮಾಡಿಕೊಂಡು ಬರುತ್ತದೆ. ಲೆಕ್ಕ, ಪ್ರಯೋಗ, ಚರ್ಚೆ, ತಪ್ಪು ಮತ್ತು ತಿದ್ದುಪಡಿ ತರಗತಿಯಲ್ಲಿ, ಶಿಕ್ಷಕರ ಕಣ್ಣೆದುರಿಗೆ ನಡೆಯುತ್ತವೆ.

ಈ ಹೆಸರು ಜನಪ್ರಿಯವಾದದ್ದು ಅಮೆರಿಕದ ಕೊಲರಾಡೊ ರಾಜ್ಯದ ವುಡ್‌ಲ್ಯಾಂಡ್ ಪಾರ್ಕ್ ಪ್ರೌಢಶಾಲೆಯ ರಸಾಯನಶಾಸ್ತ್ರ ಶಿಕ್ಷಕರಾದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಅವರಿಂದ. ಆಟೋಟ ಮತ್ತು ದೂರದ ಪ್ರಯಾಣದ ಕಾರಣಕ್ಕೆ ತರಗತಿ ತಪ್ಪಿಸಿಕೊಳ್ಳುತ್ತಿದ್ದ ವಿದ್ಯಾರ್ಥಿಗಳಿಗಾಗಿ ಅವರು 2007ರಲ್ಲಿ ತಮ್ಮ ಪಾಠಗಳನ್ನು ರೆಕಾರ್ಡ್ ಮಾಡತೊಡಗಿದರು. ಅದಕ್ಕೂ ಮೊದಲೇ, 1990ರ ದಶಕದ ಆರಂಭದಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು ಓದಿಕೊಂಡು ಬರುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿ, ತರಗತಿಯ ಸಮಯವನ್ನು ಪ್ರಶ್ನೆ ಕೇಳುವುದಕ್ಕೂ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ವಾದಿಸುವುದಕ್ಕೂ ಮೀಸಲಿಟ್ಟಿದ್ದರು. ಈ ಎರಡನೆಯ ಪ್ರಯತ್ನವನ್ನು ನಾನು ವಿಶೇಷವಾಗಿ ನೆನಪಿಸುವುದಕ್ಕೆ ಕಾರಣವಿದೆ. ಅದರ ಕೇಂದ್ರದಲ್ಲಿ ವಿಡಿಯೊ ಇರಲಿಲ್ಲ, ಪಠ್ಯಪುಸ್ತಕವಿತ್ತು. ನಮ್ಮ ಶಾಲೆಗಳಿಗೆ ಹೆಚ್ಚು ಹತ್ತಿರವಾದ ದಾರಿ ಅದು.

ಈ ವಿಧಾನದ ಬಗ್ಗೆ ತರಬೇತಿಗಳಲ್ಲಿ ಮಾತು ಬಂದಾಗಲೆಲ್ಲ ವಿಡಿಯೊ ಹೇಗೆ ಮಾಡಬೇಕು, ಯಾವ ಆ್ಯಪ್ ಒಳ್ಳೆಯದು ಎಂಬ ಪ್ರಶ್ನೆಗಳೇ ಮೊದಲು ಏಳುತ್ತವೆ. ನಾನೂ ಅಲ್ಲಿಂದಲೇ ಆರಂಭಿಸಿದ್ದೆ. ಮೊದಲ ಸಲ ಹತ್ತನೆಯ ತರಗತಿಯ ಮಕ್ಕಳಿಗೆ 22 ನಿಮಿಷದ ವಿಡಿಯೊ ಮಾಡಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಮರುದಿನ ಕೇಳಿದಾಗ ಪೂರ್ತಿ ನೋಡಿದವರು ಐದು ಜನ. ಬೇರೆ ದಾರಿ ಕಾಣದೆ ಅದೇ ಪಾಠವನ್ನು ಮತ್ತೊಮ್ಮೆ ತರಗತಿಯಲ್ಲಿ ಮಾಡಿದೆ. ಆ ಐದು ಮಕ್ಕಳು ಎರಡನೆಯ ಬಾರಿ ಅದನ್ನೇ ಕೇಳುತ್ತ ಕುಳಿತರು. ವಿಡಿಯೊ ನೋಡದಿದ್ದರೂ ನಡೆಯುತ್ತದೆ ಎಂಬ ಪಾಠವನ್ನು ಆ ದಿನ ಇಡೀ ತರಗತಿ ಕಲಿಯಿತು. ಆಮೇಲೆ ನಾನು ಯೋಜನೆಯ ಕ್ರಮವನ್ನೇ ತಿರುಗಿಸಿಕೊಂಡೆ. ಮೊದಲು ತರಗತಿಯ ನಲವತ್ತು ನಿಮಿಷ, ಆಮೇಲೆ ಮನೆಯ ಹದಿನೈದು ನಿಮಿಷ, ಕೊನೆಗೆ ಬೇಕಾದರೆ ವಿಡಿಯೊ. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಯಾವ ಪಾಠಕ್ಕೆ ಒಗ್ಗುತ್ತದೆ?

ಎಲ್ಲ ಪಾಠಗಳನ್ನೂ ಹೀಗೆ ಮಾಡಲು ಹೋಗಬಾರದು. ವರ್ಷದ ಘಟಕ ಯೋಜನೆಯನ್ನು ಎದುರಿಗಿಟ್ಟುಕೊಂಡು, ನಾವು ವಿವರಿಸುವಾಗ ಮಕ್ಕಳು ತಲೆಯಾಡಿಸಿ, ಉತ್ತರಪತ್ರಿಕೆಯಲ್ಲಿ ಮಾತ್ರ ಪ್ರತಿ ವರ್ಷವೂ ಎಡವುವ ಜಾಗಗಳು ಯಾವುವು ಎಂದು ಗುರುತಿಸಬೇಕು. ವಿಜ್ಞಾನದಲ್ಲಿ ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸುವುದು, ಮಸೂರದ ಕಿರಣಚಿತ್ರ, ವಿದ್ಯುತ್ ಮಂಡಲದ ಲೆಕ್ಕ; ಗಣಿತದಲ್ಲಿ ಹೇಳಿಕೆ ಲೆಕ್ಕವನ್ನು ಸಮೀಕರಣವಾಗಿ ಬರೆಯುವುದು; ಸಮಾಜ ವಿಜ್ಞಾನದಲ್ಲಿ ನಕ್ಷೆಯ ಕೆಲಸ. ಇವೆಲ್ಲ ಮಾಡಿ ಮಾಡಿ ಕಲಿಯಬೇಕಾದವು, ಮಾಡುವಾಗ ಪಕ್ಕದಲ್ಲಿ ಒಬ್ಬರು ಇರಬೇಕಾದವು.

ಕನ್ನಡ ಪಾಠದಲ್ಲಿ ಈ ವಿವೇಚನೆ ಇನ್ನೂ ಮುಖ್ಯ. ನಡುಗನ್ನಡದ ಪದ್ಯವೊಂದನ್ನು ಮನೆಯಲ್ಲೇ ಓದಿಕೊಂಡು ಬನ್ನಿ ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಪದ್ಯದ ಮೊದಲ ಓದು ಗುರುವಿನ ಬಾಯಿಂದ, ಸರಿಯಾದ ಪದವಿಭಾಗದೊಂದಿಗೆ, ಸಾಧ್ಯವಾದರೆ ರಾಗದೊಂದಿಗೆ ಮಗುವಿನ ಕಿವಿಗೆ ಬೀಳಬೇಕು. ಆದರೆ ಅದೇ ಪದ್ಯದ ಛಂದಸ್ಸು ಫ್ಲಿಪ್ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಲಘು ಗುರು ಗುರುತಿಸುವ ನಿಯಮಗಳನ್ನೂ, ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೊಂದು ಬಂದು 14 ಮಾತ್ರೆ ಆಗುತ್ತವೆ, 3 ಮತ್ತು 6ನೆಯ ಸಾಲುಗಳಲ್ಲಿ ಕೊನೆಯ ಗುರುವೂ ಸೇರಿ 23 ಮಾತ್ರೆ ಆಗುತ್ತವೆ ಎಂಬುದನ್ನೂ ಮನೆಯಲ್ಲಿ ಓದಿಕೊಂಡು ಬರಬಹುದು. ಪ್ರಸ್ತಾರ ಹಾಕುವ, ಅಂದರೆ ಪ್ರತಿ ಅಕ್ಷರದ ಮೇಲೆ ಲಘು ಗುರುವಿನ ಗುರುತು ಹಾಕುವ ಕೆಲಸ ಮಾತ್ರ ತರಗತಿಯಲ್ಲೇ ನಡೆಯಲಿ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ನಿಯಮವನ್ನು ಗಟ್ಟಿಯಾಗಿ ಹೇಳುವ ಹುಡುಗನೇ ಹಾಳೆಯ ಮೇಲೆ ಒತ್ತಕ್ಷರಕ್ಕೇ ಗುರುವಿನ ಗುರುತು ಹಾಕುತ್ತಿರುತ್ತಾನೆ; ಅವನ ಹೆಗಲ ಮೇಲಿಂದ ನೋಡುವ ಶಿಕ್ಷಕರಿಗಷ್ಟೇ ಅದು ಕಾಣುತ್ತದೆ.

ಮೊದಲ ಪ್ರಯತ್ನಕ್ಕೆ ಒಂದು ಘಟಕದಲ್ಲಿ ಒಂದು ಅವಧಿ ಸಾಕು.

ತರಗತಿಯಿಂದ ಹಿಂದಕ್ಕೆ ಯೋಜಿಸುವುದು

ಉದಾಹರಣೆಗೆ ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಘಟಕದಲ್ಲಿ ಬರುವ ರೋಧಕಗಳ ಸರಣಿ ಜೋಡಣೆ (ಒಂದೇ ದಾರಿಯಲ್ಲಿ ಒಂದರ ಹಿಂದೊಂದು) ಮತ್ತು ಸಮಾಂತರ ಜೋಡಣೆಯನ್ನು (ಒಂದೊಂದೂ ಬೇರೆ ಬೇರೆ ಕವಲಿನಲ್ಲಿ) ತೆಗೆದುಕೊಳ್ಳೋಣ. ಓಮ್‌ನ ನಿಯಮ ಈಗಾಗಲೇ ಆಗಿದೆ ಎಂದಿಟ್ಟುಕೊಳ್ಳೋಣ. ಖಾಲಿ ಹಾಳೆಯ ಮೇಲೆ ಮೊದಲು ಬರೆಯಬೇಕಾದ ವಾಕ್ಯ ಒಂದೇ: ಅವಧಿ ಮುಗಿಯುವ ಹೊತ್ತಿಗೆ ಮಗು ಏನನ್ನು ಮಾಡಬಲ್ಲದು? "ಸರಣಿ ಜೋಡಣೆಯನ್ನು ಅರ್ಥಮಾಡಿಕೊಳ್ಳುತ್ತದೆ" ಎಂದು ಬರೆದರೆ ಪ್ರಯೋಜನವಿಲ್ಲ, ಅರ್ಥವಾಗಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ. "ಎರಡು ಬಲ್ಬ್‌ಗಳನ್ನು ಎರಡೂ ಬಗೆಯಲ್ಲಿ ಜೋಡಿಸಿ, ಯಾವುದರಲ್ಲಿ ಹೆಚ್ಚು ಬೆಳಕು ಬರುತ್ತದೆ ಎಂದು ಮೊದಲೇ ಊಹಿಸಿ, ಊಹೆಗೆ ಕಾರಣ ಕೊಡುತ್ತದೆ, 6 ವೋಲ್ಟ್ ವಿಭವಾಂತರಕ್ಕೆ ಜೋಡಿಸಿದ 3 ಓಮ್ ಮತ್ತು 6 ಓಮ್ ರೋಧಕಗಳಲ್ಲಿ ಹರಿಯುವ ಒಟ್ಟು ಪ್ರವಾಹವನ್ನು ಎರಡೂ ಜೋಡಣೆಗಳಿಗೆ ಲೆಕ್ಕಹಾಕುತ್ತದೆ" ಎಂದು ಬರೆದರೆ ಅದು ಯೋಜನೆಗೆ ಆಧಾರವಾಗುತ್ತದೆ.

ಈಗ ಅದೇ ಹಾಳೆಯಲ್ಲಿ ಈ ವಿಷಯದ ಬಗ್ಗೆ ಮಕ್ಕಳ ತಲೆಯಲ್ಲಿ ಮೊದಲೇ ಕುಳಿತಿರುವ ತಪ್ಪು ಕಲ್ಪನೆಗಳನ್ನು ಬರೆಯಬೇಕು. ಇಲ್ಲಿ ಎರಡು ಬಹಳ ಬಲವಾಗಿವೆ. ಸರಣಿಯಲ್ಲಿ ಮೊದಲ ಬಲ್ಬ್ ಸ್ವಲ್ಪ ಪ್ರವಾಹವನ್ನು "ತಿಂದು" ಉಳಿದದ್ದನ್ನು ಎರಡನೆಯದಕ್ಕೆ ಕಳಿಸುತ್ತದೆ ಎಂಬುದು ಒಂದು. ಇನ್ನೊಂದು ರೋಧಕವನ್ನು ಹೇಗೇ ಸೇರಿಸಿದರೂ ಒಟ್ಟು ರೋಧ ಹೆಚ್ಚಲೇಬೇಕು ಎಂಬುದು ಎರಡನೆಯದು. ಸೂತ್ರ ಬಾಯಿಪಾಠವಿದ್ದ ಮಗುವಿನೊಳಗೂ ಇವು ಹಾಗೇ ಉಳಿದಿರುತ್ತವೆ. ತರಗತಿಯ ನಲವತ್ತು ನಿಮಿಷವನ್ನು ಈ ಎರಡು ಕಲ್ಪನೆಗಳನ್ನು ಅಲುಗಾಡಿಸುವುದಕ್ಕೆ ಮೀಸಲಿಡಬೇಕು.

ಇದಿಷ್ಟು ನಿಶ್ಚಯವಾದ ಮೇಲೆ, ತರಗತಿಗೆ ಬರುವ ಮೊದಲು ಮಗುವಿಗೆ ಕನಿಷ್ಠ ಏನು ಗೊತ್ತಿರಬೇಕು ಎಂಬ ಪ್ರಶ್ನೆ ಬರುತ್ತದೆ. ಸರಣಿ ಮತ್ತು ಸಮಾಂತರ ಜೋಡಣೆಗಳ ಚಿತ್ರ ನೋಡಿ ಯಾವುದು ಯಾವುದೆಂದು ಗುರುತಿಸಲು ಬರಬೇಕು. ಎರಡಕ್ಕೂ ಒಟ್ಟು ರೋಧದ ಸೂತ್ರ ಯಾವುದೆಂದು ನೋಡಿರಬೇಕು. ಸೂತ್ರವನ್ನು ಸಾಧಿಸುವುದು, ಅನ್ವಯಿಸುವುದು, ಅದರ ಅರ್ಥದ ಬಗ್ಗೆ ಯೋಚಿಸುವುದು ಎಲ್ಲವೂ ತರಗತಿಗೆ ಬಿಟ್ಟದ್ದು. ಮನೆಯ ಪಾಲಿಗೆ ಎರಡೇ ಅಂಶ ಉಳಿದವು. ನನ್ನ 22 ನಿಮಿಷದ ವಿಡಿಯೊ ಇಷ್ಟುದ್ದ ಏಕಾಗಿತ್ತು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ತರಗತಿಯಲ್ಲಿ ನಡೆಯಬೇಕಾದ ಎಲ್ಲವನ್ನೂ ನಾನು ಅದರೊಳಗೆ ತುಂಬಿದ್ದೆ.

ಮನೆಯ ಹದಿನೈದು ನಿಮಿಷ

ಮನೆಗೆ ಕಳಿಸುವ ಸಾಮಗ್ರಿಯನ್ನು ನಿರ್ಧರಿಸುವ ಮುನ್ನ ಮಕ್ಕಳ ಮನೆಯ ಸ್ಥಿತಿಯನ್ನು ತಿಳಿದುಕೊಳ್ಳಬೇಕು. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡಿದ 2020ರ ವಿದ್ಯಾಗಮ ಕಾರ್ಯಕ್ರಮದಲ್ಲಿ ನಾವೆಲ್ಲ ಮೊದಲು ಮಾಡಿದ ಕೆಲಸವೇ ಅದು. ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾರಲ್ಲಿ ಸಾದಾ ಮೊಬೈಲ್ ಮಾತ್ರ ಇದೆ, ಯಾರಲ್ಲಿ ಏನೂ ಇಲ್ಲ ಎಂದು ಪಟ್ಟಿ ಮಾಡಿಕೊಂಡು, ಊರಿನ ದೇವಸ್ಥಾನದ ಜಗಲಿಯಲ್ಲೂ ಮರದ ನೆರಳಿನಲ್ಲೂ ಪಾಠ ಮಾಡಿದ್ದೆವು. ಅಂಥದೇ ಪಟ್ಟಿಯನ್ನು ಈಗಲೂ ಮಾಡಿಕೊಳ್ಳಬೇಕು. ಆದರೆ "ಫೋನ್ ಇದೆಯೇ" ಎಂದಷ್ಟೇ ಕೇಳಿದರೆ ಸಾಲದು. ಫೋನ್ ಅಪ್ಪನ ಜೇಬಿನಲ್ಲಿದ್ದು ಅವರು ರಾತ್ರಿ ಒಂಬತ್ತಕ್ಕೆ ಮನೆಗೆ ಬರುವವರಾಗಿರಬಹುದು. ಅಣ್ಣನೂ ತಂಗಿಯೂ ಒಂದೇ ಫೋನ್ ನೆಚ್ಚಿಕೊಂಡಿರಬಹುದು. ಸಂಜೆ ಹೊತ್ತಿಗೆ ಡೇಟಾ ಮುಗಿದಿರಬಹುದು. "ಸಂಜೆ ಆರರಿಂದ ಎಂಟರ ನಡುವೆ ಹದಿನೈದು ನಿಮಿಷ ನಿನ್ನ ಕೈಗೆ ಫೋನ್ ಸಿಗುತ್ತದೆಯೇ" ಎಂಬುದು ಸರಿಯಾದ ಪ್ರಶ್ನೆ. ಎಲ್ಲರೆದುರು ಕೈ ಎತ್ತಿಸಬಾರದು, ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ಈ ಕಾರಣಕ್ಕಾಗಿ ನನ್ನ ನಿಲುವು ಇಷ್ಟು: ಮನೆಯ ಕೆಲಸ ಪಠ್ಯಪುಸ್ತಕ ಮತ್ತು ಒಂದು ಹಾಳೆಯಿಂದಲೇ ಪೂರ್ಣವಾಗುವಂತೆ ಇರಬೇಕು, ವಿಡಿಯೊ ಅದಕ್ಕೆ ಹೆಚ್ಚುವರಿ ನೆರವಾಗಿರಬೇಕು. ಫೋನ್ ಇಲ್ಲದ ಒಂದೇ ಒಂದು ಮಗು ತರಗತಿಯಲ್ಲಿದ್ದರೂ ಈ ನಿಯಮವನ್ನು ಬಿಡಬಾರದು. ತರಗತಿಯ ಕೆಲಸಕ್ಕೆ ಪ್ರವೇಶಪತ್ರವೇ ವಿಡಿಯೊ ಆಗಿಬಿಟ್ಟರೆ, ಅಂತರವನ್ನು ಕಡಿಮೆ ಮಾಡಲೆಂದು ಹೊರಟ ವಿಧಾನವೇ ಅದನ್ನು ಹೆಚ್ಚಿಸುತ್ತದೆ.

ಹಾಳೆಯನ್ನು ಸಿದ್ಧಪಡಿಸುವುದು ಕಷ್ಟವಲ್ಲ. ಮೇಲೆ ಓದಬೇಕಾದ ಪುಟಗಳನ್ನೂ ನೋಡಬೇಕಾದ ಚಿತ್ರಗಳನ್ನೂ ನಿಖರವಾಗಿ ಬರೆಯಬೇಕು. "ಪಾಠ ಓದಿಕೊಂಡು ಬನ್ನಿ" ಎಂದರೆ ಯಾರೂ ಓದುವುದಿಲ್ಲ, ಎರಡು ಪುಟ ಮತ್ತು ಎರಡು ಚಿತ್ರ ಎಂದರೆ ಓದುತ್ತಾರೆ. ಕೆಳಗೆ ಮೂರೇ ಪ್ರಶ್ನೆಗಳು. ನಮ್ಮ ಉದಾಹರಣೆಗೆ ಅವು ಹೀಗಿರಬಹುದು. ಮೊದಲನೆಯದು, ಪುಸ್ತಕದ ಎರಡು ಮಂಡಲ ಚಿತ್ರಗಳನ್ನು ನೋಡಿಕೊಂಡು ಬರೆದು ಯಾವುದು ಸರಣಿ, ಯಾವುದು ಸಮಾಂತರ ಎಂದು ಹೆಸರಿಸಿ. ಎರಡನೆಯದು, ನಿಮ್ಮ ಮನೆಯಲ್ಲಿ ಅಡುಗೆಮನೆಯ ಬಲ್ಬ್ ಆರಿಸಿದರೂ ಪಡಸಾಲೆಯ ಬಲ್ಬ್ ಉರಿಯುತ್ತಲೇ ಇರುತ್ತದೆ. ಹಾಗಾದರೆ ಅವು ಯಾವ ಬಗೆಯಲ್ಲಿ ಜೋಡಣೆಯಾಗಿರಬೇಕು, ಏಕೆ? ಮೂರನೆಯದು, ಓದಿದ್ದರಲ್ಲಿ ನಿಮಗೆ ಗೊಂದಲವಾದ ಒಂದು ವಾಕ್ಯವನ್ನು ಹಾಗೆಯೇ ಬರೆದುಕೊಂಡು ಬನ್ನಿ. ಈ ಮೂರನೆಯ ಪ್ರಶ್ನೆಯೇ ಶಿಕ್ಷಕರಿಗೆ ಅತ್ಯಂತ ಬೆಲೆಯುಳ್ಳದ್ದು. "ಏನು ಅರ್ಥವಾಗಲಿಲ್ಲ" ಎಂದು ಕೇಳಿದರೆ ಮಕ್ಕಳು "ಎಲ್ಲ ಅರ್ಥವಾಯಿತು ಸರ್" ಎನ್ನುತ್ತಾರೆ. ವಾಕ್ಯವನ್ನು ಎತ್ತಿ ಬರೆಯಲು ಹೇಳಿದರೆ ಬರೆಯುತ್ತಾರೆ, ಏಕೆಂದರೆ ಆಗ ತಪ್ಪು ವಾಕ್ಯದ ಮೇಲಿರುತ್ತದೆ, ತಮ್ಮ ಮೇಲಲ್ಲ. ಒಂದು ವರ್ಷ ಹನ್ನೊಂದು ಹಾಳೆಗಳಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಬಂದಿತ್ತು, ಸಮಾಂತರ ಜೋಡಣೆಯಲ್ಲಿ ರೋಧಗಳ ವ್ಯುತ್ಕ್ರಮಗಳನ್ನು ಕೂಡಬೇಕು ಎಂಬ ವಾಕ್ಯ. ಗೊಂದಲ ಭೌತಶಾಸ್ತ್ರದ್ದಾಗಿರಲಿಲ್ಲ, ವ್ಯುತ್ಕ್ರಮ ಎಂಬ ಪದದ್ದಾಗಿತ್ತು.

ವಿಡಿಯೊ ಮಾಡುವವರಿಗೆ

ಸಿದ್ಧ ವಿಡಿಯೊಗಳು ಬೇಕಾದಷ್ಟಿವೆ. 2017ರಲ್ಲಿ ಆರಂಭವಾದ, ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾಗೆ ನಮ್ಮ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಕೋಡ್‌ನಿಂದಲೇ ಹೋಗಬಹುದು. ಕೊರೊನಾ ಕಾಲದಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಹೆಸರಿನಲ್ಲಿ ಪಾಠಗಳು ಪ್ರಸಾರವಾಗಿದ್ದವು. ಖಾನ್ ಅಕಾಡೆಮಿ ಎಂಬ ಉಚಿತ ಆನ್‌ಲೈನ್ ತಾಣದ ಪಾಠಗಳು ಕನ್ನಡದಲ್ಲೂ ಇವೆ. ಯಾವುದನ್ನೇ ಆರಿಸಿಕೊಂಡರೂ ಶಿಕ್ಷಕರು ಮೊದಲು ಪೂರ್ತಿ ನೋಡಬೇಕು ಮತ್ತು ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ ನೋಡಬೇಕೆಂದು ಹಾಳೆಯಲ್ಲಿ ಬರೆಯಬೇಕು. ಅದರಲ್ಲಿನ ಪಾರಿಭಾಷಿಕ ಪದಗಳು ನಮ್ಮ ಪಠ್ಯಪುಸ್ತಕದ ಪದಗಳೇ ಹೌದೋ ಎಂದು ನೋಡಿಕೊಳ್ಳುವುದೂ ಅವಶ್ಯ. ಒಂದು ಕಡೆ ರೋಧ, ಇನ್ನೊಂದು ಕಡೆ ಪ್ರತಿರೋಧ ಎಂದಿದ್ದರೆ ಮಕ್ಕಳು ಅವನ್ನು ಎರಡು ಬೇರೆ ಸಂಗತಿಗಳೆಂದೇ ತಿಳಿಯುತ್ತಾರೆ.

ಆದರೂ ತಮ್ಮ ಶಿಕ್ಷಕರ ದನಿಯನ್ನು ಮಕ್ಕಳು ಹೆಚ್ಚು ಇಷ್ಟಪಟ್ಟು ಕೇಳುತ್ತಾರೆ ಎಂಬುದು ನನ್ನ ಅನುಭವ. ಅದಕ್ಕೆ ದುಬಾರಿ ಸಲಕರಣೆ ಬೇಡ. ಮೇಜಿನ ಮೇಲೆ ಎರಡು ಕಡೆ ಪುಸ್ತಕಗಳನ್ನು ಪೇರಿಸಿ, ಮೇಲೆ ಒಂದು ಅಡ್ಡಪಟ್ಟಿ ಇಟ್ಟು, ಕ್ಯಾಮೆರಾ ಕೆಳಮುಖವಾಗುವಂತೆ ಮೊಬೈಲ್ ಮಲಗಿಸಿದರೆ, ಕೆಳಗಿನ ಹಾಳೆಯ ಮೇಲೆ ನಾವು ಬರೆಯುವುದೆಲ್ಲ ದಾಖಲಾಗುತ್ತದೆ. ದಪ್ಪ ಸ್ಕೆಚ್ ಪೆನ್ನಿನಿಂದ ಬರೆಯಬೇಕು, ಬರೆಯುವ ಕೈಯ ನೆರಳು ಹಾಳೆಯ ಮೇಲೆ ಬೀಳದಂತೆ ಬೆಳಕು ಎದುರಿನಿಂದ ಬರಬೇಕು, ಫ್ಯಾನ್ ಆರಿಸಬೇಕು. ಉದ್ದ ಐದಾರು ನಿಮಿಷ ಮೀರದಿರಲಿ. ಎಡೆಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯ ಸುಮಾರು 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ವಿಶ್ಲೇಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಸಾಮಾನ್ಯ ವೀಕ್ಷಣೆಯ ಅವಧಿ ಆರು ನಿಮಿಷವನ್ನು ದಾಟುವುದಿಲ್ಲವೆಂದು ಕಂಡುಬಂದಿತ್ತು. ಅವರು ತಾವಾಗಿ ಕೋರ್ಸ್ ಸೇರಿದ ವಯಸ್ಕರು. ದಿನವಿಡೀ ಶಾಲೆಯಲ್ಲಿ ಕುಳಿತು ಬಂದ ಹದಿನೈದರ ಮಕ್ಕಳಿಂದ ನಾವು ಹೆಚ್ಚು ನಿರೀಕ್ಷಿಸಬಾರದು. ನಡುವೆ ಎರಡು ಕಡೆ "ಈಗ ವಿಡಿಯೊ ನಿಲ್ಲಿಸಿ, ಈ ಚಿತ್ರವನ್ನು ಹಾಳೆಯಲ್ಲಿ ಬರೆಯಿರಿ" ಎಂದು ಹೇಳಬೇಕು. ಕಳಿಸುವ ಮೊದಲು ಫೈಲಿನ ಗಾತ್ರವನ್ನು ಕುಗ್ಗಿಸಬೇಕು. ಬರಹ ಓದಲು ಬಂದರೆ ಸಾಕು, ಉನ್ನತ ಗುಣಮಟ್ಟದ ಚಿತ್ರದ ಅಗತ್ಯವಿಲ್ಲ. ಫೋನ್ ಸಿಗದ ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಸ್ಮಾರ್ಟ್ ಬೋರ್ಡ್ ಅಥವಾ ಕಂಪ್ಯೂಟರಿನಲ್ಲಿ ಅದನ್ನು ನೋಡುವ ವ್ಯವಸ್ಥೆ ಮಾಡಿದರೆ ಯಾರೂ ಹೊರಗುಳಿಯುವುದಿಲ್ಲ.

ಅವಧಿಯ ಮೊದಲ ಹತ್ತು ನಿಮಿಷ

ಇಡೀ ವಿಧಾನ ನಿಲ್ಲುವುದು ಅಥವಾ ಬೀಳುವುದು ಇಲ್ಲಿಯೇ. ಹಾಳೆಗಳನ್ನು ಬೆಳಗಿನ ಪ್ರಾರ್ಥನೆಗೆ ಮುಂಚೆಯೇ ತರಗತಿಯ ನಾಯಕಿಯಿಂದ ಸಂಗ್ರಹಿಸಿಕೊಂಡರೆ, ಅವಧಿಗೆ ಮೊದಲು ಮೂರನೆಯ ಪ್ರಶ್ನೆಯ ಉತ್ತರಗಳ ಮೇಲೆ ಕಣ್ಣು ಹಾಯಿಸಲು ಸಮಯ ಸಿಗುತ್ತದೆ. ಹೆಚ್ಚು ಮಕ್ಕಳಿಗೆ ಗೊಂದಲವಾದ ಒಂದೋ ಎರಡೋ ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಐದು ನಿಮಿಷದಲ್ಲಿ ಅವನ್ನಷ್ಟೇ ಬಿಡಿಸಿ ಹೇಳಬೇಕು.

ಸಿದ್ಧತೆ ಮಾಡದೆ ಬಂದವರು ಮೊದಮೊದಲು ಹತ್ತಾರು ಮಂದಿ ಇದ್ದೇ ಇರುತ್ತಾರೆ. ಅವರನ್ನು ಬಯ್ಯಬಾರದು, ನಿಲ್ಲಿಸಬಾರದು, ಆದರೆ ಅವರಿಗಾಗಿ ಇಡೀ ಪಾಠವನ್ನು ಮತ್ತೆ ಮಾಡಲೂಬಾರದು. ಹಿಂದಿನ ಎರಡು ಬೆಂಚುಗಳಲ್ಲಿ ಅವರು ಪುಸ್ತಕ ಮತ್ತು ಹಾಳೆ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಅದೇ ಕೆಲಸ ಮುಗಿಸಿ ಗುಂಪು ಸೇರಿಕೊಳ್ಳಲಿ. ಎದುರಿಗೆ ಗೆಳೆಯರು ತಂತಿ, ಬಲ್ಬು ಹಿಡಿದು ಕೆಲಸ ಆರಂಭಿಸಿದ್ದನ್ನು ನೋಡುತ್ತ ಹಿಂದೆ ಕೂರುವುದು ಮಕ್ಕಳಿಗೆ ಸಹನೆಯಾಗುವುದಿಲ್ಲ. ಮೂರ್ನಾಲ್ಕು ಪಾಠಗಳಾಗುವಷ್ಟರಲ್ಲಿ ಆ ಬೆಂಚುಗಳು ಬಹುಪಾಲು ಖಾಲಿಯಾಗುತ್ತವೆ. ಮತ್ತೆ ಮತ್ತೆ ಅಲ್ಲೇ ಉಳಿಯುವ ಮಗುವಿದ್ದರೆ ಅದರ ಕಾರಣ ಬಹುತೇಕ ಮನೆಯಲ್ಲಿರುತ್ತದೆ, ಹಾಲು ಹಾಕುವ ಕೆಲಸ, ತಮ್ಮನನ್ನು ನೋಡಿಕೊಳ್ಳುವ ಹೊಣೆ, ಓದಲು ಬಾರದ ಸಂಕೋಚ. ಅದನ್ನು ಬೇರೆಯಾಗಿ, ಮೆಲ್ಲಗೆ ಕೇಳಿ ತಿಳಿಯಬೇಕು. ಅಂಥ ಮಗುವಿಗೆ ಬೆಳಿಗ್ಗೆ ಶಾಲೆಗೆ ಬಂದ ಮೇಲಿನ ಹದಿನೈದು ನಿಮಿಷವನ್ನೇ "ಮನೆ" ಎಂದು ಕೊಡಬಹುದು.

ನಡುವಿನ ಇಪ್ಪತ್ತೈದು ನಿಮಿಷ

ಇದೇ ಪಾಠದ ಜೀವಾಳ. ಮೊದಲು ಒಂದು ಪ್ರಶ್ನೆ: ಒಂದೇ ಬಗೆಯ ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಸೆಲ್‌ಗೆ ಜೋಡಿಸಿದೆ, ಧನಾಗ್ರಕ್ಕೆ ಹತ್ತಿರವಿರುವ ಬಲ್ಬ್ ಹೆಚ್ಚು ಬೆಳಗುತ್ತದೆಯೇ, ದೂರದ್ದು ಹೆಚ್ಚು ಬೆಳಗುತ್ತದೆಯೇ, ಎರಡೂ ಸಮವೇ? ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಬೇಕು. ಆಮೇಲೆ "ಒಂದು, ಎರಡು, ಮೂರು" ಎಂದಾಗ ಎಲ್ಲರೂ ಒಟ್ಟಿಗೆ ಎದೆಯ ಮುಂದೆ ಬೆರಳು ತೋರಿಸಬೇಕು. ಒಂದು ಬೆರಳು ಹತ್ತಿರದ್ದು, ಎರಡು ದೂರದ್ದು, ಮೂರು ಸಮ. ಕೈಯನ್ನು ಮೇಲೆ ಎತ್ತಿಸಿದರೆ ಪಕ್ಕದವರನ್ನು ನೋಡಿ ಬದಲಿಸುತ್ತಾರೆ. ಸರಿ ಉತ್ತರ ಕೊಟ್ಟವರು ಸುಮಾರು ಶೇ. 30ಕ್ಕಿಂತ ಕಡಿಮೆಯಿದ್ದರೆ ವಿವರಣೆ ಬೇಕೆಂದು ತಿಳಿಯಬೇಕು, ಶೇ. 70 ದಾಟಿದ್ದರೆ ಬೇಗ ಮುಂದೆ ಸಾಗಬಹುದು. ಎರಡರ ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟವರ ಜೊತೆ ಎರಡು ನಿಮಿಷ ವಾದಿಸಿ ಮತ್ತೊಮ್ಮೆ ಬೆರಳು ತೋರಿಸಲು ಹೇಳಬೇಕು. ಮಜೂರ್ ಅವರ ಕ್ರಮದ ತಿರುಳು ಇದೇ. ಈಗಷ್ಟೇ ಅರ್ಥಮಾಡಿಕೊಂಡ ಗೆಳತಿಗೆ, ಗೊಂದಲ ಎಲ್ಲಿ ಇತ್ತೆಂಬುದು ನಮಗಿಂತ ಚೆನ್ನಾಗಿ ನೆನಪಿರುತ್ತದೆ.

ಸರಿ ಉತ್ತರವನ್ನು ಶಿಕ್ಷಕರು ಹೇಳಬಾರದು, ಬಲ್ಬ್ ಹೇಳಬೇಕು. ನಾಲ್ಕು ನಾಲ್ಕು ಮಕ್ಕಳ ಗುಂಪುಗಳಿಗೆ ಎರಡು 1.5 ವೋಲ್ಟ್ ಸೆಲ್, ಎರಡು ಟಾರ್ಚ್ ಬಲ್ಬ್, ತುದಿ ಸುಲಿದ ಐದಾರು ತಂತಿ ತುಂಡುಗಳನ್ನು ಕೊಟ್ಟರೆ ಸಾಕು. ಎಲ್‌ಇಡಿ ಬಲ್ಬ್ ಕೊಡಬಾರದು, ತಂತುವಿರುವ ಹಳೆಯ ಬಗೆಯ ಬಲ್ಬೇ ಬೇಕು. ಇಲ್ಲೊಂದು ಎಚ್ಚರಿಕೆ ಇದೆ. ಒಂದೇ ಪೊಟ್ಟಣದ ಎರಡು ಬಲ್ಬ್‌ಗಳೂ ಕೆಲವೊಮ್ಮೆ ತುಸು ಬೇರೆಯಾಗಿ ಬೆಳಗುತ್ತವೆ. ಒಮ್ಮೆ ಒಂದು ಗುಂಪಿನಲ್ಲಿ ಧನಾಗ್ರದ ಕಡೆಯ ಬಲ್ಬ್ ಕಣ್ಣಿಗೆ ಕಾಣುವಷ್ಟು ಹೆಚ್ಚು ಬೆಳಗಿತು, "ನೋಡಿ ಸರ್, ನಾವು ಹೇಳಿದ್ದೇ ಸರಿ" ಎಂದು ಮಕ್ಕಳು ಸಂಭ್ರಮಿಸಿದರು. ಎರಡೂ ಬಲ್ಬ್‌ಗಳ ಜಾಗ ಬದಲಿಸಿ ನೋಡಲು ಹೇಳಿದೆ. ಬದಲಿಸಿದ ಮೇಲೂ ಅದೇ ಬಲ್ಬ್ ಹೆಚ್ಚು ಬೆಳಗಿತು, ಈಗ ಋಣಾಗ್ರದ ಕಡೆಯಿಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗುಂಪಿನಲ್ಲಿ ಅತಿ ಕಡಿಮೆ ಮಾತಾಡುವ ಹುಡುಗಿ ಮೆಲ್ಲಗೆ, "ಜಾಗದಿಂದ ಅಲ್ಲ, ಬಲ್ಬೇ ಹಾಗಿದೆ" ಎಂದಳು. ಉಪನ್ಯಾಸದ ತರಗತಿಯಲ್ಲಿ ಆ ಮಾತು ಹುಟ್ಟಲು ಜಾಗವೇ ಇರುತ್ತಿರಲಿಲ್ಲ. ಅಂದಿನಿಂದ ಎಲ್ಲ ಗುಂಪುಗಳಿಗೂ ಜಾಗ ಬದಲಿಸುವುದನ್ನು ಕಡ್ಡಾಯ ಹೆಜ್ಜೆಯಾಗಿಯೇ ಇಟ್ಟಿದ್ದೇನೆ.

ನಂತರ ಅದೇ ಬಲ್ಬ್‌ಗಳನ್ನು ಸಮಾಂತರವಾಗಿ ಜೋಡಿಸಿ, ಬೆಳಕು ಹೆಚ್ಚುವುದನ್ನು ನೋಡಿ, ಒಂದನ್ನು ಕಳಚಿದರೆ ಇನ್ನೊಂದು ಉರಿಯುತ್ತಲೇ ಇರುವುದನ್ನು ಹಾಳೆಯ ಎರಡನೆಯ ಪ್ರಶ್ನೆಗೆ ಹೊಂದಿಸಿಕೊಳ್ಳಬೇಕು. ಆಮೇಲೆ ಲೆಕ್ಕ. ಸೂತ್ರ ಹಚ್ಚುವ ಮೊದಲು ಊಹೆಯನ್ನು ಕೇಳಬೇಕು: 3 ಓಮ್ ಮತ್ತು 6 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 3ಕ್ಕಿಂತ ಕಡಿಮೆಯೋ, 3 ಮತ್ತು 6ರ ನಡುವೆಯೋ, 6ಕ್ಕಿಂತ ಹೆಚ್ಚೋ? ನಡುವಿನದು ಎನ್ನುವವರೇ ಹೆಚ್ಚು. ಲೆಕ್ಕ ಮಾಡಿದಾಗ 2 ಓಮ್ ಬರುತ್ತದೆ, 6 ವೋಲ್ಟ್‌ಗೆ 3 ಆಂಪಿಯರ್ ಪ್ರವಾಹ. ಸರಣಿಯಲ್ಲಾದರೆ 9 ಓಮ್, ಒಂದು ಆಂಪಿಯರ್‌ನ ಮೂರನೆಯ ಎರಡು ಭಾಗ ಮಾತ್ರ. ಒಂದು ಬಾಗಿಲಿನ ಸಭಾಂಗಣಕ್ಕೆ ಇನ್ನೊಂದು ಬಾಗಿಲು ಇಟ್ಟರೆ, ಅದು ಕಿರಿದಾಗಿದ್ದರೂ ಜನ ಹೊರಹೋಗುವುದು ಸುಲಭವಾಗುತ್ತದೆಯಲ್ಲವೇ ಎಂದು ಕೇಳಿದರೆ ಮಕ್ಕಳಿಗೆ ಅದು ಕೂಡಲೇ ಹೊಳೆಯುತ್ತದೆ.

ಈ ಹೊತ್ತಿನಲ್ಲಿ ಶಿಕ್ಷಕರು ಕಪ್ಪುಹಲಗೆಯ ಬಳಿ ನಿಲ್ಲಬಾರದು. ಪ್ರತಿ ಗುಂಪಿನ ಬಳಿ ಎರಡು ನಿಮಿಷ ಕುಳಿತು, ಏನು ಮಾಡಿದಿರಿ, ಏಕೆ ಹಾಗೆ ಮಾಡಿದಿರಿ ಎಂದು ಕೇಳಬೇಕು, ಉತ್ತರ ಹೇಳುವ ಆತುರವನ್ನು ತಡೆದುಕೊಳ್ಳಬೇಕು. ಮೊದಲ ದಿನಗಳಲ್ಲಿ ಗದ್ದಲವಾಗುತ್ತದೆ. ಪಕ್ಕದ ತರಗತಿಯ ಶಿಕ್ಷಕರಿಗೆ ಮುಂಚೆಯೇ ಒಂದು ಮಾತು ಹೇಳಿಡುವುದು ಒಳ್ಳೆಯದು. ಅರವತ್ತು ಮಕ್ಕಳಿರುವ ತರಗತಿಯಲ್ಲಿ ಎಲ್ಲ ಗುಂಪುಗಳನ್ನೂ ಒಂದೇ ಅವಧಿಯಲ್ಲಿ ತಲುಪಲಾಗದು. ಅಂಥಲ್ಲಿ ಮುಖ್ಯಶಿಕ್ಷಕರನ್ನು ಕೇಳಿ ವಾರಕ್ಕೊಂದು ಜೋಡಿ ಅವಧಿ ಪಡೆದುಕೊಳ್ಳಬೇಕು, ಇಲ್ಲವೇ ಅರ್ಧದಷ್ಟು ಗುಂಪುಗಳು ಜೋಡಣೆ ಮಾಡುವಾಗ ಉಳಿದವು ಲೆಕ್ಕ ಮಾಡುವಂತೆ ಏರ್ಪಾಡು ಮಾಡಬೇಕು. ಸಾಮಗ್ರಿ ಕಡಿಮೆಯಿದ್ದರೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಉಚಿತ ಡಿಜಿಟಲ್ ಮಾದರಿಗಳಲ್ಲಿ ಮಂಡಲ ಜೋಡಿಸುವ ಅವಕಾಶವಿದೆ, ಸ್ಮಾರ್ಟ್ ಬೋರ್ಡಿನಲ್ಲಿ ತೋರಿಸಬಹುದು. ಆದರೆ ಕೈಯಿಂದ ತಂತಿ ಸುತ್ತಿ ಬಲ್ಬ್ ಹೊತ್ತಿಸುವುದಕ್ಕೆ ಅದು ಬದಲಿಯಾಗುತ್ತದೆ ಎಂದು ನನಗನ್ನಿಸುವುದಿಲ್ಲ.

ಕೊನೆಯ ಐದು ನಿಮಿಷ, ಮತ್ತು ದಾಖಲೆ

ಅವಧಿ ಮುಗಿಯುವ ಮುನ್ನ ಪ್ರತಿ ಮಗುವೂ ಒಂಟಿಯಾಗಿ ಒಂದು ಚಿಕ್ಕ ಪ್ರಶ್ನೆಗೆ ಅದೇ ಹಾಳೆಯ ಹಿಂಬದಿಯಲ್ಲಿ ಉತ್ತರ ಬರೆಯಬೇಕು. ಗುಂಪಿನಲ್ಲಿ ಒಬ್ಬರ ಬುದ್ಧಿಯ ಮರೆಯಲ್ಲಿ ಮೂವರು ಕುಳಿತಿದ್ದರೆ ಅದು ಇಲ್ಲಿ ತಿಳಿಯುತ್ತದೆ. ಹಾಳೆಯ ಮುಂಬದಿ ಮನೆಯ ಸಿದ್ಧತೆ, ಹಿಂಬದಿ ತರಗತಿಯ ಫಲ; ಇವನ್ನು ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನ) ದಾಖಲೆಯಾಗಿ ಇಟ್ಟುಕೊಂಡರೆ ಬೇರೆ ಚಟುವಟಿಕೆ ಮಾಡಿಸುವ ಹೊರೆ ತಪ್ಪುತ್ತದೆ. ಮನೆಯ ಸಿದ್ಧತೆಗೆ ಅಂಕ ಕೊಡುವುದಾದರೆ ಮಾಡಿದ್ದಕ್ಕೆ ಕೊಡಬೇಕು, ಸರಿಯಾದದ್ದಕ್ಕಲ್ಲ. ಸರಿ ಉತ್ತರಕ್ಕೆ ಅಂಕವಿದ್ದರೆ ಮರುದಿನ ಬೆಳಿಗ್ಗೆ ಒಂದೇ ಹಾಳೆಯ ನಕಲುಗಳು ಬರುತ್ತವೆ, ಗೊಂದಲಗಳು ಮರೆಯಾಗುತ್ತವೆ.

ಮನೆಯವರಿಗೆ, ಸಹೋದ್ಯೋಗಿಗಳಿಗೆ

ಪೋಷಕರ ಸಭೆಯಲ್ಲಿ ಒಬ್ಬ ತಾಯಿ ನನ್ನನ್ನು ನೇರವಾಗಿ ಕೇಳಿದರು: "ಪಾಠ ಮಾಡೋದು ನಿಮ್ಮ ಕೆಲಸ ಅಲ್ವಾ ಸರ್? ಮನೇಲೇ ಕಲ್ಕೊಂಡು ಬರೋದಾದ್ರೆ ಸ್ಕೂಲ್ ಯಾಕೆ?" ಅದು ನ್ಯಾಯವಾದ ಪ್ರಶ್ನೆ. ವಿಧಾನದ ಹೆಸರು ಹೇಳಿ ಅವರನ್ನು ಒಪ್ಪಿಸಲಾಗುವುದಿಲ್ಲ. ಮನೆಯಲ್ಲಿ ಲೆಕ್ಕ ಬಾರದೆ ಮಗಳು ಅಳುತ್ತ ಕುಳಿತ ದಿನಗಳಿದ್ದವೇ ಎಂದು ಕೇಳಿದೆ, ಇದ್ದವು ಎಂದರು. ಆ ಲೆಕ್ಕಗಳನ್ನು ಈಗ ನನ್ನ ಪಕ್ಕದಲ್ಲಿ ಮಾಡುತ್ತಾಳೆ, ಮನೆಯಲ್ಲಿ ಎರಡು ಪುಟ ಓದುತ್ತಾಳೆ ಎಂದು ಹೇಳಿ ಅವಳ ಹಾಳೆಗಳನ್ನು ತೋರಿಸಿದೆ. ಆರಂಭಿಸುವ ಮೊದಲೇ ಹೀಗೆ ಪೋಷಕರಿಗೂ ಮುಖ್ಯಶಿಕ್ಷಕರಿಗೂ ವಿವರಿಸಿದ್ದರೆ ಆ ಪ್ರಶ್ನೆ ದೂರಿನ ರೂಪದಲ್ಲಿ ಬರುತ್ತಿರಲಿಲ್ಲ. ಬೇರೆ ವಿಷಯಗಳ ಶಿಕ್ಷಕರೊಂದಿಗೂ ಮಾತಾಡಿಕೊಳ್ಳಬೇಕು. ಒಂದೇ ಸಂಜೆಗೆ ಮೂರು ವಿಷಯದವರು ಹದಿನೈದು ಹದಿನೈದು ನಿಮಿಷದ ಸಿದ್ಧತೆ ಕೊಟ್ಟು ಅದರ ಮೇಲೆ ಹಳೆಯ ಹೋಂವರ್ಕನ್ನೂ ಉಳಿಸಿಕೊಂಡರೆ ಮಗುವಿನ ಹೊರೆ ದುಪ್ಪಟ್ಟಾಗುತ್ತದೆ. ಫ್ಲಿಪ್ ಪಾಠವಿರುವ ದಿನ ಆ ವಿಷಯದಲ್ಲಿ ಬೇರೆ ಮನೆಗೆಲಸ ಕೊಡಬಾರದು ಎಂಬುದನ್ನು ನಿಯಮವಾಗಿಯೇ ಇಟ್ಟುಕೊಳ್ಳಬೇಕು.

ಪಾಠ ಮುಗಿದ ದಿನವೇ, ಮರೆಯುವ ಮೊದಲು, ಪಾಠ ಯೋಜನೆಯ ಕೆಳಗೆ ನಾಲ್ಕು ಸಂಗತಿ ಬರೆದಿಡಬೇಕು: ಎಷ್ಟು ಹಾಳೆಗಳು ಬಂದವು, ಯಾವ ವಾಕ್ಯ ಹೆಚ್ಚು ಜನರಿಗೆ ಗೊಂದಲ ತಂದಿತು, ಬೆರಳು ಎಣಿಕೆಯಲ್ಲಿ ಮೊದಲ ಸಲ ಮತ್ತು ಎರಡನೆಯ ಸಲ ಎಷ್ಟು ಸರಿ ಉತ್ತರ ಬಂದವು, ಯಾವ ಕೆಲಸಕ್ಕೆ ಸಮಯ ಸಾಲಲಿಲ್ಲ. ನನ್ನ ಯೋಜನೆಯ ಪುಟದಲ್ಲಿ ವ್ಯುತ್ಕ್ರಮ ಎಂಬ ಪದದ ಸುತ್ತ ಹಾಕಿದ ಕೆಂಪು ವೃತ್ತ ಇನ್ನೂ ಇದೆ. ಈಗ ಆ ಹಾಳೆಯ ತಲೆಯ ಮೇಲೆ, ಓದಬೇಕಾದ ಪುಟಗಳ ಪಕ್ಕದಲ್ಲಿ, 3ರ ವ್ಯುತ್ಕ್ರಮ ಎಂದರೆ ಮೂರನೆಯ ಒಂದು ಎಂದು ಒಂದು ಸಾಲು ಸೇರಿಸಿ ಕೊಡುತ್ತೇನೆ.